ಬಿಂಕದ ಬಂಡಿ

ಕೌದಿ ಹೊಲಿದ ಹೆಣ್ಣುಮಗಳು ಅದನ್ನು ‘ಅಜ್ಜಿಯ ಮದುವೆ ಸೀರೆ’ ಎಂದು ಯಾರಿಗೂ ಮಾರುವುದಿಲ್ಲ. ಹಳೆಯ ಸೀರೆಗೆ ಧೋತರದ ತುಂಡು ಕೂಡಿಸಿ ಹೊಲಿದದ್ದು ಕೌದಿ. ಅದರ ಚೆಲುವು ಅದಕ್ಕೆ. ಇಷ್ಟು ಪ್ರಾಮಾಣಿಕತೆ ಹಳೆಯ ಕಾರು ಮಾರುವ ಗಂಡಸರಿಗೆ ಯಾಕಿಲ್ಲ?

ನನ್ನ ತಂಗಿಯ ಮಗ ಒಂದು ಕಾರಿನ ಫೋಟೋ ಹಿಡಿದು ಬಿಂಕದಕಟ್ಟಿಗೆ ಬಂದಿದ್ದ. ಅಮೆರಿಕದ ಫೋರ್ಡ್ ಫಾಲ್ಕನ್, 1960ರ ದಶಕದ್ದು. ಹೇಳಿದ ಬೆಲೆಗೆ ಗದಗಿನಲ್ಲಿ ಒಂದು ಸೈಟು ಬಂದೀತು. ಅಪ್ಪ ಹೋದ ಮೇಲೆ ತಾಯಿಯ ಹೆಸರಿಗೆ ಇಟ್ಟ ಠೇವಣಿ ಮುರಿಸಬೇಕು. ಆಕೆಯನ್ನು ಒಪ್ಪಿಸಲು ನಾನು ಬೇಕು.

“ದೊಡ್ಡವ್ವಾ, ಇದು ವಿಂಟೇಜ್ ಐತಿ. ಬೆಲೆ ಏರತೈತಿ, ಇಳಿಯೂದಿಲ್ಲ.”

“ಎಂಜಿನ್ ಯಾವುದೋ ತಮ್ಮಾ?”

“ಜಪಾನಿಂದು, ಡೀಸೆಲ್.”

“ಸೀಟು?”

“ಎಲ್ಲಾ ಹೊಸಾವು. ಬಾಡೀನೂ ಕೊಯ್ದು ತಗ್ಗಿಸ್ಯಾರ.”

“ಹಂಗಾದ್ರ ಹಳೇದು ಏನು ಉಳೀತೋ?”

ಉತ್ತರ ಬರಲಿಲ್ಲ. ಉತ್ತರ ಕಾನೂನಿನಲ್ಲಿದೆ. 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಎನ್ನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ಮೀರಿದರೆ ಸಾಲದು. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರಬೇಕು. ಹಾಗೆ ನೋಂದಾಯಿಸಿದರೂ ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ಇನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಂದರೆ ಈ ಬಂಡಿ ಅತ್ತ ಹಳೆಯದೂ ಅಲ್ಲ, ಇತ್ತ ಹೊಸದೂ ಅಲ್ಲ.

ಫಾಲ್ಕನ್ ರಾಜ-ಮಹಾರಾಜರ ಕಾರೂ ಅಲ್ಲ. ಅಮೆರಿಕದ ಕಾರುಗಳು ಆನೆಯಂತೆ ಬೆಳೆದಿದ್ದ ಕಾಲಕ್ಕೆ, ಸಾಧಾರಣ ಸಂಸಾರಸ್ಥರಿಗೆಂದು ಮಾಡಿದ ಸಣ್ಣ, ಅಗ್ಗದ ಕಾರು. 1960ರ ಮೊದಲ ಮಾದರಿಯೊಂದೇ ನಾಲ್ಕು ಲಕ್ಷಕ್ಕೂ ಹೆಚ್ಚು ತಯಾರಾಯಿತು. ಅಲ್ಲಿ ಹೊಸ ಕಾರುಗಳಿಗೆ ಸೀಟ್ ಬೆಲ್ಟ್ ಕಡ್ಡಾಯವಾದದ್ದೇ 1968ರಲ್ಲಿ. ಅಂಥ ಕಾರಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಹುಬ್ಬಳ್ಳಿ ರಸ್ತೆಗಿಳಿಯುವುದೇ?

ಹವ್ಯಾಸ ಬೇಡವೇ ಎಂದು ಕೇಳಬಹುದು. ಬೇಕು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನು ಶಾಲೆಯ ಮಕ್ಕಳಿಗೆ ತೋರಿಸಿ ನಾನೂ ಖುಷಿಪಟ್ಟಿದ್ದೇನೆ. ತನ್ನ ದುಡಿಮೆಯ ರೊಕ್ಕದಲ್ಲಿ ಯಾರಾದರೂ ಕಾರು ಕಟ್ಟಿಸಲಿ, ನಿಯಮದೊಳಗೆ ಬಣ್ಣ ಬಳಿಸಲಿ. ನನ್ನ ಸಿಟ್ಟು ಎರಡಕ್ಕೆ: ಬದಲಿಸಿದ್ದನ್ನು ಹಳೆಯದೆಂದು ಮಾರುವುದಕ್ಕೆ, ಆ ಸುಳ್ಳನ್ನು ವಿಧವೆ ತಾಯಿಯ ಠೇವಣಿಯಿಂದ ಕೊಳ್ಳುವುದಕ್ಕೆ. ತವರಿನಿಂದ ತಂದ ತಾಮ್ರದ ಹಂಡೆಯನ್ನು ‘ಜಾಗಾ ತಿಂತೈತಿ’ ಎಂದು ತೂಕಕ್ಕೆ ಹಾಕಿದ ಮನೆಗಳಲ್ಲೇ ಗಂಡಸರ ತಗಡಿಗೆ ‘ಪರಂಪರೆ’ ಎಂಬ ಹೆಸರು ಬರುತ್ತದೆ!

ಠೇವಣಿ ಮುರಿಯಲಿಲ್ಲ; ಹುಡುಗನ ಮುನಿಸೂ ಇನ್ನೂ ಮುರಿದಿಲ್ಲ. ಇರಲಿ, ತಂಗಿಯ ಬಡ್ಡಿ ತಿಂಗಳಾ ಬರುತ್ತಿದೆ.

ಅಕ್ಕ-ತಂಗಿಯರೇ, ಮನೆಯೊಳಗೆ ಇಂಥ ಬಂಡಿಯ ಮಾತು ಬಂದರೆ ‘ನಮಗೇನು ತಿಳೀತೈತಿ’ ಎಂದು ಒಳಗೆ ಎದ್ದು ಹೋಗಬೇಡಿ. ಆರ್.ಸಿ. ಕೇಳಿ. ಅದರಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರು ಕಾರಿನ ಮೇಲಿನವಕ್ಕೆ ತಾಳೆಯಾಗುತ್ತವೆಯೇ ನೋಡಿ. ಬದಲಿಸಿದ್ದಕ್ಕೆ ಆರ್.ಟಿ.ಓ. ಒಪ್ಪಿಗೆ ಎಲ್ಲಿ ಎಂದು ಕೇಳಿ. ಬಿಂಕಕ್ಕೂ ಒಂದು ಕಟ್ಟೆ ಬೇಕು. ಕಾಗದ ಕಣ್ಣಾರೆ ಕಾಣುವ ತನಕ ರುಜು ಹಾಕಬೇಡಿ.