ಬಳುವಳಿಯಾಗಿ ಬಾರದ ಬೆಳಕು

ಹಿರಿಯರಿಂದ ಮಕ್ಕಳಿಗೆ ಸಲ್ಲುವ ಸ್ವತ್ತುಗಳಲ್ಲಿ ಮನೆಗೆ ಪತ್ರವುಂಟು, ಹೊಲಕ್ಕೆ ಖಾತೆಯುಂಟು, ಒಡವೆಗೆ ತೂಕವುಂಟು. ದೇವರಿಗೆ ಮಾತ್ರ ಇವು ಯಾವುವೂ ಇಲ್ಲ. ಏಕೆ ಕೈಮುಗಿಯಬೇಕೆಂಬ ಪ್ರಶ್ನೆ ನಾಲಗೆಗೆ ಬರುವ ಮೊದಲೇ ತಾಯಿ ಮಗುವಿನ ಪುಟ್ಟ ಕೈಗಳನ್ನು ಜೋಡಿಸಿಬಿಟ್ಟಿರುತ್ತಾಳೆ. ಬಹುಮಂದಿಗೆ ಈ ಬಳುವಳಿಯೇ ಬಾಳಿನುದ್ದಕ್ಕೂ ಸಾಕಾಗುತ್ತದೆ. ಅದರಲ್ಲಿ ನಗುವಂಥದೇನೂ ಇಲ್ಲ. ಕೆಲವರ ಮನಸ್ಸಿನಲ್ಲಿ ಮಾತ್ರ ಒಂದು ದಿನ ಸಂದೇಹವೇಳುತ್ತದೆ: ಈ ನಂಬಿಕೆ ತನ್ನದೋ, ತನ್ನ ಹಿರಿಯರದೋ?

ಈ ಪ್ರಶ್ನೆ ಎದ್ದ ಮನೆಯ ನೆಮ್ಮದಿ ಕದಡುತ್ತದೆ. ಹಿರಿಯರಿಗೆ ಅದು ಉದ್ಧಟತನವೆನಿಸುತ್ತದೆ. ಹಿರಿಯರ ಆಚಾರ ಕಿರಿಯರಿಗೆ ಮೌಢ್ಯವೆನಿಸುತ್ತದೆ. ಹಬ್ಬದ ದಿನ ಒಬ್ಬರು ಪೂಜೆಯ ಕೋಣೆಯಲ್ಲಿ, ಇನ್ನೊಬ್ಬರು ಮಹಡಿಯ ಮೇಲೆ. ಇಂಥ ಬಿಕ್ಕಟ್ಟು ಹೊಸ ಕಾಲದ ವಿದ್ಯಾಭ್ಯಾಸದ ಫಲವೆಂದು ತಿಳಿಯುವವರುಂಟು. ಆದರೆ ಹತ್ತೊಂಬತ್ತನೆಯ ಶತಮಾನದ ಕಲ್ಕತ್ತೆಯಲ್ಲಿ, ಜೋಡಾಸಾಂಕೊದ ಒಂದು ಶ್ರೀಮಂತ ಮನೆಯಲ್ಲಿ, ಈ ಬಿಕ್ಕಟ್ಟನ್ನು ಅದರ ಎಲ್ಲ ಕಾಠಿಣ್ಯದೊಡನೆ ಅನುಭವಿಸಿದ ಒಬ್ಬ ಮಗನಿದ್ದ. ಅವರೇ ಮುಂದೆ ಮಹರ್ಷಿಯೆಂದು ಹೆಸರಾದ ದೇವೇಂದ್ರನಾಥ ಠಾಕೂರರು; ಕವಿ ರವೀಂದ್ರನಾಥರ ತಂದೆ.

೧೮೧೭ರಲ್ಲಿ ಹುಟ್ಟಿದ ದೇವೇಂದ್ರನಾಥರ ಬಾಲ್ಯ ಆಸ್ತಿಕ್ಯದ ನಡುವೆಯೇ ಕಳೆಯಿತು. ಶಾಲೆಗೆ ಹೋಗುವ ದಾರಿಯಲ್ಲಿ ಠಂಠನಿಯಾದ ಸಿದ್ಧೇಶ್ವರಿಯ ಗುಡಿಗೆ ತಲೆಬಾಗಿ, ಪರೀಕ್ಷೆಯಲ್ಲಿ ತೇರ್ಗಡೆಯಾಗಲೆಂದು ಬೇಡಿಕೊಂಡು ಮುಂದೆ ನಡೆಯುತ್ತಿದ್ದ ಹುಡುಗ ಅವರು. ಇಂದಿಗೂ ಯಾವ ಊರಿನ ಯಾವ ಗುಡಿಯ ಮುಂದೆಯೂ ಕಾಣಬಹುದಾದ ದೃಶ್ಯವದು. ತಂದೆ ದ್ವಾರಕಾನಾಥರು ಹಡಗು, ಗಣಿ, ಬ್ಯಾಂಕುಗಳ ಒಡೆಯರು. ರಾಜಾ ರಾಮಮೋಹನ ರಾಯರ ಸ್ನೇಹಿತರು. ಬಾಲಕ ದೇವೇಂದ್ರನಾಥ ಒಮ್ಮೆ ಮನೆಯ ದುರ್ಗಾಪೂಜೆಗೆ ರಾಮಮೋಹನರನ್ನು ಆಹ್ವಾನಿಸಲು ಹೋದಾಗ, ಅವರು ಅಚ್ಚರಿಯಿಂದ ‘ನನ್ನನ್ನೇ?’ ಎಂಬಂತೆ ಕೇಳಿದರಂತೆ. ಮೂರ್ತಿಪೂಜೆಯನ್ನು ಒಪ್ಪದ ಹಿರಿಯರ ಆ ಒಂದು ಉದ್ಗಾರ ಹುಡುಗನ ಮನಸ್ಸಿನಲ್ಲಿ ಬೀಜದಂತೆ ಉಳಿಯಿತು.

ಬೀಜ ಮೊಳೆತುದು ಗಂಗೆಯ ತಟದಲ್ಲಿ. ಅವರನ್ನು ಅಕ್ಕರೆಯಿಂದ ಬೆಳೆಸಿದ ಅಜ್ಜಿಯನ್ನು, ಅಂದಿನ ಪದ್ಧತಿಯಂತೆ, ಕೊನೆಗಾಲದಲ್ಲಿ ನದಿಯ ದಡಕ್ಕೆ ಒಯ್ದಿದ್ದರು. ಹದಿನೆಂಟರ ಹರೆಯದ ಮೊಮ್ಮಗ ಹತ್ತಿರದಲ್ಲಿ ಒಂದು ಒರಟು ಚಾಪೆಯ ಮೇಲೆ ಕುಳಿತಿದ್ದ. ಬೆಳುದಿಂಗಳು, ಸ್ಮಶಾನ, ದೂರದಿಂದ ತೇಲಿಬರುವ ನಾಮಸಂಕೀರ್ತನೆ. ಆ ಕ್ಷಣದಲ್ಲಿ ತಾನು ಹುಟ್ಟಿ ಬೆಳೆದ ಐಶ್ವರ್ಯವೆಲ್ಲ ಹಗುರವಾಗಿ ಕಂಡು, ಹಿಂದೆಂದೂ ಅರಿಯದ ಆನಂದವೊಂದು ಮನಸ್ಸನ್ನು ತುಂಬಿತು. ಮರುದಿನಗಳಲ್ಲಿ ಆ ಆನಂದವನ್ನು ಮತ್ತೆ ಹುಡುಕಿದರೆ ಅದು ಇಲ್ಲ! ಕಳೆದುಕೊಂಡುದೇನೆಂದು ಹೆಸರಿಡಲಾಗದ ವ್ಯಥೆ ಆವರಿಸಿತು. ನಡುಹಗಲ ಬಿಸಿಲೂ ಕತ್ತಲೆಯಂತೆ ತೋರಿತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಸಸ್ಯೋದ್ಯಾನದ ಸಮಾಧಿಯೊಂದರ ಮೇಲೆ ಒಂಟಿಯಾಗಿ ಕುಳಿತರು, ಸಂಸ್ಕೃತ ಕಲಿತರು, ಐರೋಪ್ಯ ತತ್ತ್ವಗ್ರಂಥಗಳನ್ನು ಓದಿದರು. ಬುದ್ಧಿಗೆ ಆಹಾರ ದೊರೆಯಿತು, ಹೃದಯದ ಹಸಿವು ಹಾಗೆಯೇ ಉಳಿಯಿತು.

ಆಗ ನಡೆದುದು ಒಂದು ಸಣ್ಣ ಸಂಗತಿ. ಯಾವುದೋ ಸಂಸ್ಕೃತ ಪುಸ್ತಕದಿಂದ ಕಳಚಿದ ಹಾಳೆಯೊಂದು ಅವರ ಕಣ್ಮುಂದೆ ಹಾರಿಬಂತು. ಅರ್ಥವಾಗದೆ, ರಾಮಚಂದ್ರ ವಿದ್ಯಾವಾಗೀಶರನ್ನು ಕರೆಸಿ ಕೇಳಿದರು. ಅದು ಈಶೋಪನಿಷತ್ತು. ಜಗತ್ತೆಲ್ಲವನ್ನೂ ಈಶ್ವರನು ವ್ಯಾಪಿಸಿದ್ದಾನೆ, ಅವನು ಕೊಟ್ಟುದರಲ್ಲಿ ತೃಪ್ತನಾಗು, ಪರರ ಧನಕ್ಕೆ ಆಸೆಪಡಬೇಡ ಎಂಬುದು ಅಲ್ಲಿಯ ತಾತ್ಪರ್ಯ. ಗುಡಿಯಲ್ಲಿ ಹುಡುಕಿ, ವಿದೇಶದ ಗ್ರಂಥಗಳಲ್ಲಿ ಹುಡುಕಿ ಬಳಲಿದವನಿಗೆ ಉತ್ತರದ ಎಳೆ ದೊರೆತುದು ತನ್ನ ಹಿರಿಯರ ಭಂಡಾರದಲ್ಲಿಯೇ. ಆದರೆ ಹಿರಿಯರು ತೆರೆದು ನೋಡದೆ ಬಿಟ್ಟಿದ್ದ ಪೆಟ್ಟಿಗೆಯಲ್ಲಿ. ೧೮೩೯ರಲ್ಲಿ ಅವರು ತತ್ತ್ವಬೋಧಿನೀ ಸಭೆಯನ್ನು ಸ್ಥಾಪಿಸಿದರು. ೧೮೪೩ರ ಡಿಸೆಂಬರಿನಲ್ಲಿ ಸಂಗಡಿಗರೊಡನೆ ಬ್ರಾಹ್ಮಧರ್ಮದ ದೀಕ್ಷೆ ಪಡೆದು, ಸೃಷ್ಟವಾದ ಯಾವ ವಸ್ತುವನ್ನೂ ಸೃಷ್ಟಿಕರ್ತನೆಂದು ಪೂಜಿಸುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು.

ಸಭೆಯಲ್ಲಿ ಮಾಡಿದ ಪ್ರತಿಜ್ಞೆಯ ಬೆಲೆ ಮನೆಯಲ್ಲಿ ತಿಳಿಯುತ್ತದೆ. ೧೮೪೬ರ ಆಗಸ್ಟ್ ೧ರಂದು ದ್ವಾರಕಾನಾಥರು ದೂರದ ಲಂಡನ್ನಿನಲ್ಲಿ ತೀರಿಕೊಂಡರು. ಹಿರಿಯ ಮಗ ಶ್ರಾದ್ಧಕ್ಕೆ ಕುಳಿತುಕೊಳ್ಳಬೇಕು. ಶಾಲಿಗ್ರಾಮದ ಸನ್ನಿಧಿಯಲ್ಲಿ ವಿಧಿಯಂತೆ ಕ್ರಿಯೆ ನಡೆದರೆ ಪ್ರತಿಜ್ಞೆ ಮುರಿಯಿತು. ನಡೆಯದಿದ್ದರೆ ತಂದೆಗೆ ದ್ರೋಹವೆಂದು ಲೋಕದ ನಿಂದೆ. ನಗರದ ಹಿರಿಯರು ಬುದ್ಧಿ ಹೇಳಿದರು, ಬಂಧುಗಳು ಬೇಡಿಕೊಂಡರು. ಒಂದು ದಿನದ ಮಟ್ಟಿಗೆ ಒಪ್ಪಿಬಿಟ್ಟರೆ ಹೋಗುವುದೇನು ಎಂಬ ಮಾತು ಎಷ್ಟು ಸುಲಭ! ಅಂಥ ರಾತ್ರಿಗಳಲ್ಲೊಂದರಲ್ಲಿ ಅವರು ಕನಸು ಕಂಡರು. ಗತಿಸಿದ್ದ ತಾಯಿ ದಿಗಂಬರೀದೇವಿ ಕಾಣಿಸಿಕೊಂಡು, ಮಗ ಬ್ರಹ್ಮಜ್ಞಾನಿಯಾದುದರಿಂದ ಕುಲ ಪಾವನವಾಯಿತೆಂದು ಹರಸಿದಳಂತೆ. ಬದುಕಿದ್ದಾಗ ಆಕೆ ಮಡಿ, ಪೂಜೆಗಳಲ್ಲಿ ಎಳ್ಳಷ್ಟೂ ಸಡಿಲಗೊಳ್ಳದ ವೈಷ್ಣವ ಭಕ್ತೆ. ಮನೆಯ ಧರ್ಮವನ್ನು ಬಿಡಲು ಹೊರಟ ಮಗನ ಹೃದಯ ಅಮ್ಮನ ಒಪ್ಪಿಗೆಗಾಗಿ ಎಷ್ಟು ಹಂಬಲಿಸಿತ್ತೆಂಬುದನ್ನು ಈ ಕನಸೇ ಹೇಳುತ್ತದೆ.

ಶ್ರಾದ್ಧದ ದಿನ ದೇವೇಂದ್ರನಾಥರು ಉಪನಿಷದ್ವಾಕ್ಯಗಳೊಡನೆ ಪರಬ್ರಹ್ಮನನ್ನು ಸ್ಮರಿಸಿ ದಾನಸಂಕಲ್ಪ ಮಾಡಿ ಎದ್ದುಹೋದರು. ವಾಡಿಕೆಯ ಕ್ರಿಯೆಯನ್ನು ತಮ್ಮ ಗಿರೀಂದ್ರನಾಥರು ನೆರವೇರಿಸಿದರು. ಬಂಧುಗಳು ಮುನಿಸಿಕೊಂಡು ದೂರವಾದರು.

ಕಥೆ ಇಲ್ಲಿಗೇ ಮುಗಿದಿದ್ದರೆ, ಹಟವಾದಿಯಾದ ಸಿರಿವಂತ ಮಗನೊಬ್ಬನ ಕಥೆಯೆಂದು ಯಾರಾದರೂ ಅಂದುಕೊಳ್ಳಬಹುದಿತ್ತು. ಆದರೆ ಒಂದೂವರೆ ವರ್ಷದೊಳಗೆ ಎರಡನೆಯ ಪರೀಕ್ಷೆ ಬಂತು. ೧೮೪೮ರ ಆರಂಭದ ಹೊತ್ತಿಗೆ ಯೂನಿಯನ್ ಬ್ಯಾಂಕು ಕುಸಿಯಿತು. ಅದರ ಹಿಂದೆಯೇ ದ್ವಾರಕಾನಾಥರು ಕಟ್ಟಿದ್ದ ಕಾರ್, ಟಾಗೋರ್ ಕಂಪನಿಯೂ ಬಾಗಿಲು ಮುಚ್ಚಿತು. ಸಾಲ ಸುಮಾರು ಒಂದು ಕೋಟಿ ರೂಪಾಯಿ. ಬರಬೇಕಾದುದು ಎಪ್ಪತ್ತು ಲಕ್ಷ. ಮುಂದಾಲೋಚನೆಯುಳ್ಳ ದ್ವಾರಕಾನಾಥರು ೧೮೪೦ರಲ್ಲಿಯೇ ಆಸ್ತಿಯ ಒಂದು ಭಾಗವನ್ನು ಟ್ರಸ್ಟಿಗೆ ಒಪ್ಪಿಸಿದ್ದರು. ಕಾನೂನಿನ ಪ್ರಕಾರ ಸಾಲಗಾರರು ಅದನ್ನು ಮುಟ್ಟುವಂತಿರಲಿಲ್ಲ. ಮಕ್ಕಳು ಆ ರಕ್ಷಣೆಯ ಹಿಂದೆ ನಿಶ್ಚಿಂತೆಯಿಂದ ಬಾಳಬಹುದಿತ್ತು. ದೇವೇಂದ್ರನಾಥರು ಆ ಟ್ರಸ್ಟಿನ ಆಸ್ತಿಯನ್ನೂ ಸಾಲಗಾರರ ಮುಂದಿರಿಸಿದರು. ವಸೂಲಿಗೆಂದು ಬಂದಿದ್ದವರೇ ಮನಕರಗಿ, ಆಸ್ತಿಯನ್ನು ನೋಡಿಕೊಳ್ಳುತ್ತ ಕ್ರಮವಾಗಿ ಸಾಲ ತೀರಿಸಲು ಅವಕಾಶ ಕೊಟ್ಟರು. ಸಾರೋಟುಗಳು ಹೋದುವು, ಆಳುಕಾಳುಗಳು ಕಡಮೆಯಾದರು, ಊಟ ಸರಳವಾಯಿತು. ವರ್ಷಗಳ ಕಾಲ ಹಣ ಕಟ್ಟಿ ಸಾಲ ತೀರಿಸಿದರು. ತಂದೆ ಧರ್ಮಕಾರ್ಯವೊಂದಕ್ಕೆ ಕೊಡುವೆನೆಂದು ಮಾತು ಕೊಟ್ಟಿದ್ದ ಒಂದು ಲಕ್ಷ ರೂಪಾಯಿಯನ್ನೂ ಬಡ್ಡಿಸಹಿತ ಸಲ್ಲಿಸಿದರು.

ಪಿತೃಋಣವೆಂಬ ಮಾತು ಪ್ರತಿ ಸಂಪ್ರದಾಯಸ್ಥ ಮನೆಯಲ್ಲಿಯೂ ಕೇಳಿಬರುತ್ತದೆ. ಪಿಂಡಪ್ರದಾನದಿಂದ ಅದು ತೀರುತ್ತದೆಂದು ನಂಬಿಕೆ. ಪಿಂಡವಿಡಲು ಒಲ್ಲದ ಮಗ ತಂದೆಯ ಋಣವನ್ನು ಅಕ್ಷರಶಃ, ಕಾಸಿಗೆ ಕಾಸು ತೀರಿಸಿದ. ಹಾರಿಬಂದ ಹಾಳೆಯಲ್ಲಿದ್ದ, ಪರರ ಧನಕ್ಕೆ ಆಸೆಪಡಬೇಡವೆಂಬ ಮಾತು ಅಲ್ಲಿ ಆಚರಣೆಗೆ ಬಂತು. ಹಿರಿಯರ ಆಚಾರವನ್ನು ಬಿಡುವ ಹಕ್ಕು ತನಗುಂಟೆನ್ನುವವನು ಆ ಆಚಾರ ಕಾಪಾಡಿಕೊಂಡು ಬಂದ ಹೊಣೆಯನ್ನೂ ಬಿಡಬಹುದೆಂದು ಭಾವಿಸಿದರೆ, ಅವನ ಪ್ರಶ್ನೆಯಲ್ಲಿ ಅನುಕೂಲದ ಪಾಲೇ ಹೆಚ್ಚು. ದೇವೇಂದ್ರನಾಥರ ಸಂದೇಹಕ್ಕೆ ಘನತೆ ಬಂದುದು ಅವರ ವಾದದಿಂದಲ್ಲ, ಈ ಲೆಕ್ಕದ ಪುಸ್ತಕದಿಂದ.

ಹೊರಗಿನ ಪರೀಕ್ಷೆಗಿಂತ ಒಳಗಿನದು ಇನ್ನೂ ಕಠಿನವಾಗಿತ್ತು. ಮೂರ್ತಿಯನ್ನು ಬಿಟ್ಟವರಿಗೆ ಆಶ್ರಯವಾಗಿ ವೇದವಿತ್ತು. ಅದು ಪ್ರಮಾದರಹಿತವೆಂದು ಅವರು ಮೊದಲಲ್ಲಿ ನಂಬಿದ್ದರು. ಆದರೆ ನಂಬುವ ಗ್ರಂಥವನ್ನು ಪೂರ್ತಿ ಓದದೆ ನಂಬುವುದು ಹೇಗೆ? ೧೮೪೪–೪೫ರಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ವೇದಾಧ್ಯಯನಕ್ಕಾಗಿ ಕಾಶಿಗೆ ಕಳುಹಿಸಿದರು. ೧೮೪೭ರಲ್ಲಿ ತಾವೇ ಹೋಗಿ ವಿಚಾರಿಸಿದರು. ಇತ್ತ ಅವರ ಪತ್ರಿಕೆಯ ಸಂಪಾದಕ ಅಕ್ಷಯಕುಮಾರ ದತ್ತರು ವಿಚಾರವಾದಿ. ರೈತನ ದುಡಿಮೆಯಿಂದ ಬೆಳೆ ಬರುತ್ತದೆ, ದುಡಿಮೆಗೆ ಪ್ರಾರ್ಥನೆ ಕೂಡಿಸಿದರೂ ಬರುವುದು ಅಷ್ಟೇ ಬೆಳೆ. ಹಾಗಾದರೆ ಪ್ರಾರ್ಥನೆಯ ಬೆಲೆ ಸೊನ್ನೆ ಎಂದು ಬೀಜಗಣಿತದ ಸಮೀಕರಣ ಹಾಕಿದವರು. ದೇವೇಂದ್ರನಾಥರು ಈ ಲೆಕ್ಕವನ್ನು ಒಪ್ಪಲಿಲ್ಲ. ತಮ್ಮಿಬ್ಬರ ನಡುವೆ ಭೂಮಿ ಆಕಾಶಗಳ ಅಂತರವೆಂದೇ ಬರೆದರು. ಹಾಗಿದ್ದೂ ೧೮೪೩ರಿಂದ ೧೮೫೫ರ ವರೆಗೆ ಆ ಲೇಖನಿಯನ್ನು ಅವರ ಕೈಯಿಂದ ಕಸಿಯಲಿಲ್ಲ.

ವಿಚಾರಣೆಯ ಫಲ ನೋವಿನದಾಗಿತ್ತು. ವೇದದಲ್ಲಿ ಯಜ್ಞಕರ್ಮಗಳ ವಿಸ್ತಾರ ಕಂಡಿತು. ತಮ್ಮ ಪ್ರೀತಿಯ ಉಪನಿಷತ್ತುಗಳಲ್ಲಿಯೂ ಎಲ್ಲ ವಾಕ್ಯಗಳೂ ಮನಸ್ಸಿಗೆ ಹೊಂದಲಿಲ್ಲ. ಉಪಾಸ್ಯನೂ ಉಪಾಸಕನೂ ಒಂದೇ ಎಂಬುದನ್ನು ಅವರ ಭಕ್ತಹೃದಯ ಒಪ್ಪದು. ಕೊನೆಗೆ ಗ್ರಂಥ ತಪ್ಪದೆಂಬ ನಂಬಿಕೆಯನ್ನೂ ಬಿಟ್ಟರು. ಜ್ಞಾನದಿಂದ ಬೆಳಗಿದ ನಿರ್ಮಲ ಹೃದಯವೇ ಧರ್ಮದ ನೆಲೆಯೆಂದು ನಿಶ್ಚಯಿಸಿ, ೧೮೪೮ರಲ್ಲಿ ಉಪನಿಷತ್ತುಗಳಿಂದ ಆ ಹೃದಯಕ್ಕೆ ಒಪ್ಪಿದ ಮಾತುಗಳನ್ನು ಆಯ್ದು ‘ಬ್ರಾಹ್ಮಧರ್ಮ’ವೆಂಬ ಗ್ರಂಥವನ್ನು ಸಂಕಲಿಸಿದರು. ಈ ನೆಲೆಯಲ್ಲಿ ಅಪಾಯವೂ ಉಂಟು. ಹೃದಯ ತನಗೆ ಹಿತವಾದುದನ್ನೇ ಸತ್ಯವೆಂದು ಸಾರಬಹುದು. ಅದನ್ನು ತಿದ್ದುವವರು ಯಾರು?

ತಿದ್ದುವವರು ಅವರ ಅಂಗಳದಲ್ಲಿಯೇ ಹುಟ್ಟಿಕೊಂಡರು. ೧೮೫೬ರಲ್ಲಿ ದೇವೇಂದ್ರನಾಥರು ಏಕಾಂತವನ್ನರಸಿ ಮನೆ ಬಿಟ್ಟು, ಹಿಮಾಲಯದ ಸಿಮ್ಲಾ ಸೀಮೆಯಲ್ಲಿ ಧ್ಯಾನಮಗ್ನರಾಗಿದ್ದರು. ೧೮೫೮ರಲ್ಲಿ ಅಲ್ಲಿ ಒಂದು ಬೆಟ್ಟದ ಹೊಳೆಯನ್ನು ಕಂಡರು. ಶುಭ್ರವಾದ ಆ ನೀರು ಕೆಳಗಿಳಿದು ಕೆಸರಾಗಲಿದೆ. ಆದರೂ ಇಳಿಯುತ್ತಿದೆ, ಹೊಲಗಳಿಗೆ ಉಣಿಸುತ್ತಿದೆ. ತಾವೂ ಇಳಿದುಹೋಗಬೇಕೆಂಬ ಆದೇಶ ಒಳಗಿನಿಂದ ಕೇಳಿ ಊರಿಗೆ ಮರಳಿದರು. ಅಷ್ಟರಲ್ಲಿ ಕೇಶವಚಂದ್ರ ಸೇನನೆಂಬ ತೇಜಸ್ವಿ ತರುಣ ಸಮಾಜವನ್ನು ಸೇರಿದ್ದ. ಹಿರಿಯರು ಅವನನ್ನು ಮಗನಂತೆ ಕಂಡರು, ೧೮೬೨ರಲ್ಲಿ ಆಚಾರ್ಯಪದವಿಯನ್ನಿತ್ತರು. ಆ ತರುಣ ಕೇಳಿದ: ಜಾತಿಭೇದವಿಲ್ಲವೆನ್ನುವ ವೇದಿಕೆಯ ಮೇಲೆ ಜನಿವಾರ ಧರಿಸಿದ ಉಪಾಚಾರ್ಯರು ಕುಳಿತಿರುವುದು ಹೇಗೆ? ದೇವೇಂದ್ರನಾಥರು ಅಷ್ಟು ವೇಗವಾಗಿ ನಡೆಯಲು ಸಿದ್ಧರಿರಲಿಲ್ಲ. ೧೮೬೬ರಲ್ಲಿ ಸಮಾಜ ಒಡೆಯಿತು. ಹನ್ನೆರಡು ವರ್ಷ ಕಳೆಯುವುದರೊಳಗೆ ಕೇಶವಚಂದ್ರರ ಸರದಿಯೂ ಬಂತು: ತಾವೇ ಹೋರಾಡಿ ತಂದ ವಿವಾಹದ ವಯೋನಿಯಮಕ್ಕೆ ಮುನ್ನವೇ ಮಗಳನ್ನು ಕೂಚ್‌ಬಿಹಾರದ ರಾಜನಿಗೆ ಮದುವೆ ಮಾಡಿಕೊಟ್ಟಾಗ, ೧೮೭೮ರಲ್ಲಿ ಅವರ ಅನುಯಾಯಿಗಳೇ ಬೇರೆಯಾದರು. ನಿನ್ನೆಯ ಪ್ರಶ್ನೆ ಇಂದಿನ ಆಚಾರವಾಗಿ ಗಟ್ಟಿಯಾದಾಗ, ನಾಳೆಯ ಪ್ರಶ್ನೆ ಅದರ ಬಾಗಿಲನ್ನು ತಟ್ಟುತ್ತದೆ. ಹಿರಿಯರನ್ನು ಪ್ರಶ್ನಿಸುವ ಧೈರ್ಯ ಹಲವರಿಗುಂಟು. ಕಿರಿಯರ ಪ್ರಶ್ನೆಯನ್ನು ತಾಳುವುದು ಅದಕ್ಕಿಂತ ಕಷ್ಟ.

ಆ ಕಷ್ಟವನ್ನು ದೇವೇಂದ್ರನಾಥರು ಮನೆಯೊಳಗೆ ಗೆದ್ದರೆಂದು ತೋರುತ್ತದೆ. ೧೮೭೩ರಲ್ಲಿ ಕಿರಿಯ ಮಗ ರವೀಂದ್ರನಿಗೆ ವೇದಮಂತ್ರಗಳಿಂದ ಉಪನಯನ ಮಾಡಿಸಿ, ಹಿಮಾಲಯಕ್ಕೆ ಕರೆದೊಯ್ದರು. ಬೆಳಗಿನ ಜಾವದಲ್ಲಿ ಸಂಸ್ಕೃತವನ್ನು ಕಲಿಸಿದರು. ಹಗಲಿನಲ್ಲಿ ಹುಡುಗನನ್ನು ಬೆಟ್ಟದಿಂದ ಬೆಟ್ಟಕ್ಕೆ ಒಂಟಿಯಾಗಿ ಅಲೆಯಲು ಬಿಟ್ಟರು. ತಪ್ಪು ಮಾಡಿಯಾನೆಂದು ಅವರು ಅಂಜುತ್ತಿರಲಿಲ್ಲವೆಂದೂ, ಹೇರಿದ ಸತ್ಯ ಉಳಿಯದು, ಒಲಿದು ಮರಳಿ ಬಂದುದೇ ಉಳಿಯುವುದೆಂದು ಬಲ್ಲವರಾಗಿದ್ದರೆಂದೂ ಮಗ ಮುಂದೆ ತನ್ನ ಜೀವನಸ್ಮೃತಿಯಲ್ಲಿ ನೆನೆದಿದ್ದಾನೆ.

ಆ ಮಗ ಹಾಗೆಯೇ ತನ್ನ ದಾರಿಯಲ್ಲಿ ಮರಳಿ ಬಂದ. ೧೮೮೩ರಲ್ಲಿ ಅವನ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಅಣ್ಣನ ಜೊತೆ ಆ ಕಡಲದಂಡೆಯಲ್ಲಿದ್ದಾಗ ತರುಣ ಕವಿ ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದ. ಲೋಕದ ಬಂಧನವನ್ನೆಲ್ಲ ಹರಿದು ಅನಂತವನ್ನು ಪಡೆದೆನೆಂದು ಬೀಗಿದ ಸಂನ್ಯಾಸಿಯೊಬ್ಬನನ್ನು ಅನಾಥ ಬಾಲೆಯೊಬ್ಬಳ ಪ್ರೀತಿ ಮರಳಿ ಸಂಸಾರಕ್ಕೆ ಎಳೆದು ತರುತ್ತದೆ. ಅನಂತವಿರುವುದು ಸಾಂತದಲ್ಲಿಯೇ ಎಂದು ಅವನು ತಿಳಿಯುತ್ತಾನೆ. ತಂದೆಗೆ ಹಿಮಾಲಯದ ಹೊಳೆ ಹೇಳಿದ ಮಾತು ಮಗನಿಗೆ ಕಾರವಾರದ ಕಡಲತೀರದಲ್ಲಿ, ಬೇರೆಯೇ ಭಾಷೆಯಲ್ಲಿ, ಹೊಸದಾಗಿ ದೊರೆಯಿತು.

ದೇವೇಂದ್ರನಾಥರು ೧೯೦೫ರ ವರೆಗೆ ಬದುಕಿದ್ದರು. ಆದರೆ ಅವರ ಆತ್ಮಕಥೆ ನಾಲ್ವತ್ತೊಂದನೆಯ ವಯಸ್ಸಿಗೆ, ಬೆಟ್ಟವಿಳಿದು ಮನೆಗೆ ಮರಳಿದಲ್ಲಿಗೆ ನಿಲ್ಲುತ್ತದೆ. ಹುಡುಕಿದ ಕಥೆಯನ್ನಷ್ಟೇ ಅವರು ಬರೆದಿಟ್ಟರು. ಪ್ರಶ್ನೆಯೆದ್ದ ಮನೆಗಳಲ್ಲಿ ಆ ಕಥೆಯನ್ನು ತಂದೆಯೂ ಮಗನೂ ಓದಬಹುದು: ಬಿಟ್ಟುದರ ಬದಲಿಗೆ ಯಾವ ಹೊಣೆಯನ್ನು ಹೊತ್ತೆನೆಂದು ಮಗ ತನ್ನನ್ನು ಕೇಳಿಕೊಳ್ಳಲು, ಬೆಟ್ಟದಲ್ಲಿ ಒಂಟಿಯಾಗಿ ಅಲೆಯಲು ಎಷ್ಟು ಜಾಗ ಬಿಟ್ಟೆನೆಂದು ತಂದೆ ತನ್ನನ್ನು ಕೇಳಿಕೊಳ್ಳಲು.