ಡಬ್ಬಿ ತೆರೆದ ಮೇಲೆ ಉಳಿಯುವುದೇನು?

ಮದುವೆ ಮನೆಯಿರಲಿ, ಇಫ್ತಾರ್ ಕೂಟವಿರಲಿ, ತಂಪು ಪಾನೀಯದ ಡಬ್ಬಿಗಳು ಈಗ ಅಪರೂಪವೇನಲ್ಲ. ಅವುಗಳ ಬೆನ್ನಿಗೇ ಹೊಸದೊಂದು ಸಾಧನವೂ ಬಂದಿದೆ. ಅಂಗೈಯಲ್ಲಿ ಹಿಡಿಯುವಷ್ಟೇ ಗಾತ್ರ. ಡಬ್ಬಿಯ ತಲೆಯ ಮೇಲಿಟ್ಟು, ಹಿಡಿಕೆ ಅದುಮಿ, ತಿರುಗಿಸಿದರೆ ಒಳಗಿನ ಸಣ್ಣ ಅಲಗುಗಳು ಮುಚ್ಚಳವನ್ನು ಅಂಚಿನುದ್ದಕ್ಕೂ ಕತ್ತರಿಸುತ್ತವೆ. ಡಬ್ಬಿಯೇ ಲೋಟವಾಗುತ್ತದೆ. ಐಸ್ ತುಂಡು, ನಿಂಬೆ ಹೋಳು, ಪುದೀನ ಎಲೆ ಹಾಕಿ ಕುಡಿಯಬಹುದು. ಊರಿಂದೂರಿಗೆ ಬರುವ ಬಂಧುಗಳು ತರುವ ಉಡುಗೊರೆಗಳಲ್ಲಿ ನಾಳೆ ಇದೂ ಇರಬಹುದು.

ಸಹೋದರಿಯರೇ, ಇಂಥ ವಸ್ತು ಮನೆಗೆ ಬಂದಾಗ ನಾವು ಕೇಳುವುದು 'ಇದು ಎಷ್ಟು ಬೇಗ ತೆರೆಯುತ್ತದೆ?' ಎಂದು. ಆದರೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ತೆರೆದ ಮೇಲೆ ಉಳಿಯುವುದೇನು? ಅದು ಎಲ್ಲಿಗೆ ಹೋಗುತ್ತದೆ?

ಡಬ್ಬಿಯ ಚರಿತ್ರೆಯೇ ಈ ಪ್ರಶ್ನೆಯ ಚರಿತ್ರೆ. ಆಹಾರವನ್ನು ತಗಡಿನ ಡಬ್ಬಿಯಲ್ಲಿ ಕೆಡದಂತೆ ಇಡುವ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ಪೇಟೆಂಟ್ ಪಡೆದದ್ದು 1810ರಲ್ಲಿ. ಆದರೆ ಅಮೆರಿಕದ ಎಜ್ರಾ ವಾರ್ನರ್ ಡಬ್ಬಿ ತೆರೆಯುವ ಸಾಧನಕ್ಕೆ ಪೇಟೆಂಟ್ ಪಡೆದದ್ದು 1858ರಲ್ಲಿ! ನಡುವಿನ ವರ್ಷಗಳಲ್ಲಿ ಜನ ಉಳಿ ಸುತ್ತಿಗೆಯಿಂದಲೇ ಡಬ್ಬಿ ಒಡೆಯುತ್ತಿದ್ದರು. ಮುಂದೆ 1963ರಲ್ಲಿ ಅಮೆರಿಕದ ಎರ್ಮಲ್ ಫ್ರೇಜ್ ಎಂಬವರು, ಉಂಗುರ ಹಿಡಿದು ಎಳೆದರೆ ಕಿತ್ತು ಬರುವ ಮುಚ್ಚಳಕ್ಕೆ ಪೇಟೆಂಟ್ ಪಡೆದರು. ಎಲ್ಲರಿಗೂ ಸಂತೋಷವಾಯಿತು. ಆದರೆ ಕಿತ್ತ ಉಂಗುರಗಳು ಕಡಲ ತೀರದಲ್ಲಿ, ಉದ್ಯಾನಗಳಲ್ಲಿ ರಾಶಿ ಬಿದ್ದವು. ಬರಿಗಾಲುಗಳು ಕೊಯ್ದುಕೊಂಡವು. ಮಕ್ಕಳು ನುಂಗಿದ ಪ್ರಸಂಗಗಳೂ ನಡೆದವು. ಕೊನೆಗೆ 1975ರಲ್ಲಿ ಡೇನಿಯಲ್ ಕಡ್ಜಿಕ್ ಎಂಬವರು ರೂಪಿಸಿದ, ತೆರೆದ ಮೇಲೂ ಡಬ್ಬಿಗೇ ಅಂಟಿಕೊಂಡಿರುವ ನಾಲಗೆ ಬಳಕೆಗೆ ಬಂತು. ಇಂದು ನಾವು ಎತ್ತಿ ತೆರೆಯುವುದು ಅದನ್ನೇ. ಬಿಡಿಯಾಗಿ ಏನೂ ಕೆಳಗೆ ಬೀಳಬಾರದು ಎಂಬುದೇ ಅದರ ಉದ್ದೇಶ.

ನಮ್ಮ ಕಡೆಯ ಗೋಲಿ ಸೋಡಾವನ್ನೂ ನೆನೆಯಿರಿ. ಆ ಬಾಟಲಿಯನ್ನು 1870ರ ದಶಕದಲ್ಲಿ ರೂಪಿಸಿದವರು ಇಂಗ್ಲೆಂಡಿನ ಹಿರಾಮ್ ಕಾಡ್. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಅಂಗಡಿಯವನು ಮರದ ಪುಟ್ಟ ಒತ್ತುಗುಂಡಿಯಿಂದ ಅದುಮಿದರೆ 'ಚುಂಯ್' ಎಂದು ಗೋಲಿ ಒಳಗಿಳಿಯುತ್ತದೆ. ಗಾಜು ಒಡೆಯುವ ಭಯ ಅದಕ್ಕೂ ಇತ್ತು, ನಿಜ. ಆದರೆ ತೆರೆದ ಮೇಲೆ ಬಿಸಾಡಲು ಏನೂ ಉಳಿಯುತ್ತಿರಲಿಲ್ಲ. ಗೋಲಿ ಬಾಟಲಿಯೊಳಗೆ, ಬಾಟಲಿ ಮತ್ತೆ ಅಂಗಡಿಗೆ.

ಈಗ ಹೊಸ ಸಾಧನವನ್ನು ನೋಡಿ. ಡಬ್ಬಿಗೆ ಅಂಟಿಕೊಂಡಿರಲೆಂದು ಮಾಡಿದ ಭಾಗವನ್ನೇ ಅದು ಮತ್ತೆ ಬೇರೆ ಮಾಡುತ್ತದೆ. ದುಂಡನೆಯ, ತೆಳುವಾದ, ಹರಿತವಾದ ಒಂದು ಬಿಲ್ಲೆ ನಮ್ಮ ಕೈಗೆ ಬರುತ್ತದೆ. ಅದು ಕಸದ ಬುಟ್ಟಿಗೆ ಹೋಗುತ್ತದೆ. ಮುಂದೆ?

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲೂಕಿನ ಚಿಗಟೇರಿಯಂಥ ಊರಿನಲ್ಲಿ ಮನೆಯ ಕಸ ಎಷ್ಟೋ ಸಲ ಸೇರುವುದು ತಿಪ್ಪೆಯನ್ನು. ಮುಂಗಾರಿಗೆ ಮುಂಚೆ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಸಗಣಿ, ಹುಲ್ಲು, ಬೂದಿ ಮಣ್ಣಾಗುತ್ತವೆ. ಅಲ್ಯೂಮಿನಿಯಂ ಬಿಲ್ಲೆ ಕೊಳೆಯುವುದಿಲ್ಲ. ಮೆಕ್ಕೆಜೋಳದ ಸಾಲಿನಲ್ಲಿ ಕುಳಿತು ಕಳೆ ಕೀಳುವ ಹೆಂಗಸಿನ ಬೆರಳಿಗೆ ಅದು ಸಿಗಬಹುದು. ತಿಪ್ಪೆ ಕೆದಕುವ ಹಸುವಿನ ಹೊಟ್ಟೆ ಸೇರಬಹುದು. ಪಟ್ಟಣದಲ್ಲಾದರೆ ಕಸ ವಿಂಗಡಿಸುವ ಸಹೋದರಿಯ ಅಂಗೈಯನ್ನು ಸೀಳಬಹುದು. ಹೀಗೆ ಗಾಯಗೊಳ್ಳುವವರು ಆ ಪಾನೀಯವನ್ನು ಕುಡಿದವರೇ ಅಲ್ಲ. ಒಂದು ದಿನ ಕೈ ಆಡದಿದ್ದರೆ ಅವರ ಆ ದಿನದ ಕೂಲಿಯೇ ಹೋಯಿತು.

ಹಾಗಾದರೆ ಈ ಸಾಧನ ಬೇಡವೇ? ಅಗಲ ಬಾಯಿಯೇ ಬೇಕೆಂದರೆ ಪ್ರತಿ ಅಡುಗೆ ಮನೆಯಲ್ಲೂ ಲೋಟವಿದೆ. ಪಾನೀಯವನ್ನು ಲೋಟಕ್ಕೆ ಸುರಿದರೆ ನಿಂಬೆಯೂ ಹಾಕಬಹುದು, ಐಸೂ ಹಾಕಬಹುದು. ಒಳಗೆ ಇರುವೆ, ಜೇನುನೊಣ ಬಿದ್ದಿದ್ದರೂ ಕಾಣುತ್ತದೆ. ಬೆರಳಿಗೆ ಶಕ್ತಿ ಸಾಲದ ಹಿರಿಯರಿಗೆ ಡಬ್ಬಿಯ ನಾಲಗೆ ಎತ್ತುವುದು ಕಷ್ಟ. ಅದರಡಿಗೆ ಚಮಚದ ಹಿಡಿಯನ್ನು ತೂರಿಸಿ ಎತ್ತಿದರೆ ಸುಲಭವಾಗಿ ತೆರೆಯುತ್ತದೆ.

ಆದರೂ ಸಾಧನ ಮನೆಗೆ ಬಂದೇ ಬಿಟ್ಟಿದೆಯೆನ್ನಿ. ಆಗ ಕೆಲವು ಮಾತುಗಳನ್ನು ನೆನಪಿಡಿ. ಮೊದಲು ಡಬ್ಬಿಯ ತಲೆಯನ್ನು ಚೆನ್ನಾಗಿ ತೊಳೆದು ಒರೆಸಿ. ಗೋದಾಮಿನ ಧೂಳು, ಇಲಿಗಳ ಓಡಾಟ ಎಲ್ಲವೂ ಅದರ ಮೇಲೆಯೇ. ಕೆಲವು ಬಗೆಯ ಸಾಧನದಲ್ಲಿ ಕತ್ತರಿಸಿದ ಮುಚ್ಚಳ ಪಾನೀಯದೊಳಗೇ ಬೀಳುತ್ತದೆ ಎಂಬುದನ್ನು ಮರೆಯದಿರಿ. ಅದನ್ನು ಬೆರಳಿನಿಂದ ತೆಗೆಯಬೇಡಿ, ಇಕ್ಕಳ ಬಳಸಿ. ತುಟಿಗೆ ಇಡುವ ಮೊದಲು ಅಂಚು ನುಣುಪಾಗಿದೆಯೇ ಎಂದು ಕಣ್ಣಿನಿಂದ ಪರೀಕ್ಷಿಸಿ. ಮಕ್ಕಳಿಗಂತೂ ಅದರಲ್ಲಿ ಕುಡಿಯಲು ಕೊಡಲೇಬೇಡಿ. ಸಾಧನವಿಲ್ಲದೆ ಅಡುಗೆಯ ಚಾಕುವಿನಿಂದ ಡಬ್ಬಿಯ ತಲೆ ಕತ್ತರಿಸುವ ಸಾಹಸ ಯಾರಿಗೂ ಬೇಡ.

ಕುಡಿದಾದ ಮೇಲೆ ಬಿಲ್ಲೆಯನ್ನು ಖಾಲಿ ಡಬ್ಬಿಯೊಳಗೆ ಹಾಕಿ, ಕಾಲಿಗೆ ಗಟ್ಟಿ ಚಪ್ಪಲಿ ಹಾಕಿಕೊಂಡು ಡಬ್ಬಿಯ ಬಾಯಿಯನ್ನು ತುಳಿದು ಚಪ್ಪಟೆ ಮಾಡಿ. ಬಿಲ್ಲೆ ಹೊರಬರದು. ಹಸಿ ಕಸದ ಜೊತೆ ಸೇರಿಸದೆ ಬೇರೆ ಚೀಲದಲ್ಲಿಡಿ. ಗುಜರಿಯವರು ಅಲ್ಯೂಮಿನಿಯಂಗೆ ಹಣ ಕೊಡುತ್ತಾರೆ. ಅದಿರಿನಿಂದ ಹೊಸ ಅಲ್ಯೂಮಿನಿಯಂ ತಯಾರಿಸುವುದಕ್ಕಿಂತ ಹಳೆಯದನ್ನು ಕರಗಿಸಿ ಬಳಸಿದರೆ ಶೇಕಡಾ 95ರಷ್ಟು ಶಕ್ತಿ ಉಳಿತಾಯವಾಗುತ್ತದೆ.

ತಗಡು ತಾಗಿ ಗಾಯವಾದರೆ ಅರಿಶಿನ, ಕಾಫಿ ಪುಡಿ, ಸುಣ್ಣ ಮೆತ್ತಬೇಡಿ. ಹರಿಯುವ ಶುದ್ಧ ನೀರಿನಲ್ಲಿ ಸೋಪು ಹಾಕಿ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಗಾಯ ಆಳವಾಗಿದ್ದರೆ, ರಕ್ತ ನಿಲ್ಲದಿದ್ದರೆ ಅಥವಾ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಬಹಳ ವರ್ಷಗಳಾಗಿದ್ದರೆ ವೈದ್ಯರ ಬಳಿ ಹೋಗಲು ತಡಮಾಡಬೇಡಿ. ಈ ಮಾತನ್ನು ನಿಮ್ಮ ಮನೆಗೆ, ಹೊಲಕ್ಕೆ ಕೆಲಸಕ್ಕೆ ಬರುವ ಹೆಂಗಸರಿಗೂ ತಿಳಿಸಿ. ತಿಪ್ಪೆಗೆ ಕೈ ಹಾಕುವವರು ಅವರೇ ತಾನೇ.