ಪೂರ್ವಸೂರಿಗಳಿಗೆ ಸಲ್ಲುವ ಗೌರವ

ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದಲ್ಲಿ ಒಂದು ತಪ್ಪಿದೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಆ ಸಂಖ್ಯೆ ಇದ್ದಂತೆಯೇ ಉಳಿಯುತ್ತದೆಂದು ಅವನು ಹೇಳಿದ್ದಾನೆ. ಸುಮಾರು ಕ್ರಿ.ಶ. 850ರಲ್ಲಿ, ನೃಪತುಂಗನೆಂದು ಹೆಸರಾದ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥ ಕನ್ನಡ ನಾಡಿನ ಹೆಮ್ಮೆಗಳಲ್ಲೊಂದು. ಅದರ ಗುಣಗಾನವನ್ನು ಸಭೆಗಳಲ್ಲಿ ಕೇಳುತ್ತೇವೆ. ಈ ತಪ್ಪಿನ ಮಾತನ್ನು ಎತ್ತುವವರು ಅಪರೂಪ. ಎತ್ತಿದರೆ ಹಿರಿಯರಿಗೆ ಅಪಚಾರವಾದೀತೆಂಬ ಅಳುಕು ನಮಗೆ. ಆ ಅಳುಕು ಆ ಹಿರಿಯರಿಗೇ ಇರಲಿಲ್ಲ.

ಸೊನ್ನೆಯ ಚರಿತ್ರೆಯನ್ನೇ ನೋಡಬಹುದು. ಸೊನ್ನೆಯನ್ನು ಒಂದು ಸಂಖ್ಯೆಯೆಂದೇ ಬಗೆದು, ಅದನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಹೇಳಿದ. ಆದರೆ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆಯೇ ಬರುವುದೆಂದು ಎಡವಿದ. ಮಹಾವೀರ ಎಡವಿದ್ದು ಬೇರೊಂದು ಕಡೆ. 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ಬರೆದ ಭಾಸ್ಕರಾಚಾರ್ಯ ಹಿಂದಿನವರ ಮಾತಿಗೆ ಕಟ್ಟುಬೀಳದೆ, ಸೊನ್ನೆಯೇ ಛೇದವಾದ ರಾಶಿಯನ್ನು ‘ಖಹರ’ವೆಂದು ಕರೆದು, ಅದು ಅನಂತವೆಂದ. ಇಂದಿನ ಬೀಜಗಣಿತ ಅದನ್ನೂ ಒಪ್ಪದೆ, ಅಂಥ ಭಾಗಾಕಾರಕ್ಕೆ ಅರ್ಥವೇ ಇಲ್ಲವೆನ್ನುತ್ತದೆ. ಇದರಿಂದ ಯಾರ ಕೀರ್ತಿ ಕುಂದಿತು? ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಕಂಡವನೂ, ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ಬಗೆಯಲ್ಲಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟವನೂ ಅದೇ ಮಹಾವೀರನಲ್ಲವೆ?

ಖಗೋಳಶಾಸ್ತ್ರದಲ್ಲಿಯೂ ಹೀಗೆಯೇ. ಕೇರಳದ ಪರಮೇಶ್ವರ ದಶಕಗಳ ಕಾಲ ಗ್ರಹಣಗಳನ್ನು ಕಣ್ಣಾರೆ ನೋಡಿ ಗುರುತಿಟ್ಟ. ಪರಂಪರೆಯಿಂದ ಬಂದ ಲೆಕ್ಕ ಆಕಾಶದಲ್ಲಿ ಕಂಡದ್ದಕ್ಕೆ ಹೊಂದದಿದ್ದಾಗ, ಅವನು ಆಕಾಶವನ್ನು ನಂಬಿ ಲೆಕ್ಕವನ್ನು ತಿದ್ದಿದ. 1431ರ ಆ ತಿದ್ದುಪಡಿಗೆ ‘ದೃಗ್ಗಣಿತ’ವೆಂದು ಹೆಸರು. ದೃಷ್ಟಿಗೆ ಒಪ್ಪುವ ಗಣಿತ ಎಂಬ ಆ ಹೆಸರಿನಲ್ಲಿಯೇ ಒಂದು ಶಾಸ್ತ್ರಧರ್ಮ ಅಡಗಿದೆ.

ಪರಕೀಯರ ಆಳ್ವಿಕೆಯಲ್ಲಿ ನಮ್ಮ ವಿದ್ಯೆಯನ್ನು ಹೀಗಳೆದ ದಿನಗಳಿದ್ದವು. ಆಗ ಸ್ವಲ್ಪ ಹೆಚ್ಚಾಗಿಯೇ ಹೊಗಳಿಕೊಂಡುದು ಕ್ಷಮ್ಯ. ಆದರೆ ಇಲ್ಲದ್ದನ್ನು ಇತ್ತೆನ್ನುವುದರಿಂದ ಇದ್ದದ್ದರ ಬೆಲೆಯೂ ಇಳಿಯುತ್ತದೆ. ಅತಿ ಪ್ರಾಚೀನವೆಂದು ಪ್ರಚಾರ ಪಡೆದ ‘ವೈಮಾನಿಕ ಶಾಸ್ತ್ರ’ವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರೀಕ್ಷಿಸಿ, ಆ ಗ್ರಂಥ 1904ಕ್ಕಿಂತ ಹಳೆಯದಾಗಿರಲಾರದು, ಅದರಲ್ಲಿ ವರ್ಣಿತವಾದ ವಿಮಾನಗಳು ಹಾರಲಾರವು ಎಂದು 1974ರಲ್ಲಿ ತೋರಿಸಿಕೊಟ್ಟರು. ಅವರನ್ನು ಸಂಪ್ರದಾಯದ್ವೇಷಿಗಳೆಂದು ಕರೆಯುವುದು ಸಲ್ಲದು. ಹೇಳಿದ್ದನ್ನು ಕಂಡದ್ದರೊಡನೆ ಒರೆಗೆ ಹಚ್ಚಿದ ಅವರೇ ಪರಮೇಶ್ವರನ ನಿಜವಾದ ವಾರಸುದಾರರು.

ಹಳೆಯ ಗಣಿತವನ್ನು ನಮ್ಮ ಶಾಲೆಗಳಿಗೆ ತರಬೇಕೆಂಬ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಬಾಯಿಪಾಠದ ಬಿರುದಾವಳಿಯಾಗಿ ಅದು ಬರುವುದಾದರೆ ಮಕ್ಕಳಿಗೆ ದೊರೆಯುವುದು ಹೆಸರುಗಳ ಪಟ್ಟಿ ಮಾತ್ರ. ಮಹಾವೀರನ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು, ‘ಇದು ಸರಿಯೆ? ಗುಣಿಸಿ ತಾಳೆ ನೋಡಿ’ ಎನ್ನುವ ಉಪಾಧ್ಯಾಯರು ಬೇಕು. ಐದನ್ನು ಸೊನ್ನೆಯಿಂದ ಭಾಗಿಸಿದಾಗ ಐದೇ ಉಳಿಯುವುದಾದರೆ, ಆ ಐದನ್ನು ಮತ್ತೆ ಸೊನ್ನೆಯಿಂದ ಗುಣಿಸಿದಾಗ ಐದು ಬರಬೇಕು, ಬರುವುದು ಸೊನ್ನೆ. ಇಷ್ಟನ್ನು ತಾನಾಗಿ ಕಂಡುಕೊಂಡ ಹುಡುಗಿ ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆಚಾರ್ಯನೊಡನೆ ಸಮಕ್ಕೆ ಕುಳಿತು ವಾದಿಸಿದಂತಾಯಿತು. ಯಾವ ಗ್ರಂಥಕರ್ತನಿಗೇ ಆಗಲಿ, ಅದಕ್ಕಿಂತ ಒಳ್ಳೆಯ ಓದುಗರು ಎಲ್ಲಿ ಸಿಕ್ಕಾರು?